ಚೀಲದಲ್ಲಿ ತಂದ ಲೋಟ

ನನ್ನ ಗಂಡ ಬನವಾಸಿಯಿಂದ ಅನಾನಸು ತುಂಬಿಕೊಂಡು ಲಾರಿ ಓಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ನನ್ನ ರಕ್ತವನ್ನೂ ಪರೀಕ್ಷೆ ಮಾಡಿ, ಎಚ್‌ಐವಿ ಇದೆ ಅಂದರು. ಮಗಳಿಗೆ ಇರಲಿಲ್ಲ. ನನಗೆ ಅಳುವೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸಿದೆ.

ಅತ್ತೆ ಬೈಯಲಿಲ್ಲ. ಒಂದು ತಟ್ಟೆ, ಒಂದು ಲೋಟ ಹಿತ್ತಲ ಕಟ್ಟೆಯ ಮೇಲಿಟ್ಟು, "ಇವು ನಿನ್ನವು ನೋಡವಾ" ಅಂದರು, ಅಷ್ಟೇ. ಮಗಳು ಆ ಲೋಟ ಮುಟ್ಟಿದರೆ ಕೈ ಮೇಲೆ ಏಟು ಬೀಳುತ್ತಿತ್ತು. ಬೈದಿದ್ದರೆ ನಾನೂ ನಾಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಸುಮ್ಮನಿರುವವರ ಜೊತೆ ಏನಂತ ಜಗಳಾಡುವುದು? ಮಗಳ ಪಕ್ಕ ಕೂತು ಉಣ್ಣಬೇಕು, ಅದೊಂದೇ ಆಸೆ ಉಳಿದಿತ್ತು.

ನಿಮ್ಮಂಥವರ ಸಭೆ ತಿಂಗಳಿಗೊಮ್ಮೆ ಸೇರುತ್ತದೆ, ಶಿರಸಿಯಲ್ಲೂ ಇದೆ, ಯಲ್ಲಾಪುರದಲ್ಲೂ ಇದೆ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದರು. ಶಿರಸಿ ಹತ್ತಿರ. ಆದರೆ ಅಲ್ಲಿ ಬನವಾಸಿಯವರು ಕಣ್ಣಿಗೆ ಬೀಳದ ದಿನ ಉಂಟೇ? ಸೆರಗು ಮುಖಕ್ಕೆ ಎಳೆದುಕೊಂಡು ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರಕ್ಕೆ ಹೋದೆ.

ಒಂದು ಶಾಲೆಯ ಹಿಂದಿನ ಕೋಣೆ. ಚಾಪೆ ಮೇಲೆ ಹೆಂಗಸರು, ಮೂಲೆಯಲ್ಲಿ ಇಬ್ಬರು ಗಂಡಸರು. ಮಾತಿಗೆ ಕೂತ ಮೇಲೆ ಗೊತ್ತಾಯಿತು, ಯಲ್ಲಾಪುರದ ಸಭೆಯಲ್ಲಿ ಯಲ್ಲಾಪುರದವರು ಒಬ್ಬರೂ ಇಲ್ಲ. ಅವರೆಲ್ಲ ಶಿರಸಿಗೆ ಹೋಗುತ್ತಿದ್ದರಂತೆ. ಸಭೆ ನಡೆಸುವ ಅಕ್ಕ ಸಿದ್ದಾಪುರದ ಕಡೆಯವರು, ಅವರಿಗೂ ಇದೇ ಕಾಯಿಲೆ. ಔಷಧಿ ಎಲ್ಲಿ ಸಿಗುತ್ತದೆ, ಪಿಂಚಣಿಗೆ ಯಾರು ಜೊತೆ ಬರುತ್ತಾರೆ, ಮಗುವನ್ನು ಶಾಲೆಯಿಂದ ಬಿಡಿಸಿದರೆ ಮೇಷ್ಟ್ರ ಹತ್ತಿರ ಯಾರು ಮಾತಾಡುತ್ತಾರೆ, ಎಲ್ಲ ಹೇಳಿದರು. ಕೇಳಿಸಿಕೊಂಡೆ. ಒಂದೂ ಒಳಗಿಳಿಯಲಿಲ್ಲ.

ಆಮೇಲೆ ಚಾ ಬಂತು. ನಾನು ಚೀಲಕ್ಕೆ ಕೈ ಹಾಕಿ ನನ್ನ ಲೋಟ ತೆಗೆದೆ. ಎಲ್ಲಿ ಹೋದರೂ ಅದನ್ನೇ ಒಯ್ಯುವ ರೂಢಿಯಾಗಿತ್ತು. ಪಕ್ಕದವಳೂ ಒಂದು ತೆಗೆದಳು. ಎದುರಿನವಳೂ ತೆಗೆದಳು. ತನ್ನಿ ಎಂದು ಯಾರೂ ಹೇಳಿರಲಿಲ್ಲ.

ಅಕ್ಕ ನಕ್ಕುಬಿಟ್ಟರು. "ಹೊಸಬರು ಬಂದಾಗೆಲ್ಲ ಇದೇ ಕತೆ. ಎಂತಕ್ಕೆ ಮಾರಾಯ್ತಿ ಇದು? ಒಂದೇ ಲೋಟದಲ್ಲಿ ಕುಡಿದ್ರೆ ಯಾರಿಗೂ ಅಂಟೂದಿಲ್ಲ. ಒಳಗಿಡಿ."

ಟ್ರೇಯಲ್ಲಿದ್ದ ಲೋಟ ತೆಗೆದುಕೊಂಡು ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಏಳುವಾಗ ನನ್ನ ಲೋಟ ಚಾಪೆ ಮೇಲೇ ಬಿಟ್ಟೆ. ಮರೆತದ್ದಲ್ಲ.

ಮನೆಗೆ ಬಂದಾಗ "ಲೋಟ ಎಲ್ಲೈತಿ?" ಅಂದರು ಅತ್ತೆ. ಬಿಟ್ಟು ಬಂದೆ ಅಂದೆ. ಅಡುಗೆಮನೆಯ ಸಾಲಿನಿಂದ ಒಂದು ಲೋಟ ತೆಗೆದು ಅವರೆದುರಿಗೇ ನೀರು ಕುಡಿದೆ. "ಇದರಿಂದ ಅಂಟೂದಿಲ್ಲಂತ ಅತ್ತಿ" ಎಂದು ಹೇಳಿ, ತೊಳೆದು ಸಾಲಿಗೆ ಸೇರಿಸಿದೆ. ಅವರು ಒಲೆಯ ಕಡೆ ತಿರುಗಿದರು. ಇಷ್ಟು ಸಲೀಸೇ ಅಂದುಕೊಂಡೆ.

ಬೆಳಿಗ್ಗೆ ನೋಡಿದರೆ ಆ ಲೋಟವೂ ಹಿತ್ತಲ ಕಟ್ಟೆಯ ಮೇಲಿತ್ತು. ಸಿಟ್ಟೂ ಬರಲಿಲ್ಲ. ಅದರಲ್ಲೇ ಚಾ ಕುಡಿದೆ.

ಮುಂದಿನ ತಿಂಗಳು ಮಗಳನ್ನೂ ಕರೆದುಕೊಂಡು ಯಲ್ಲಾಪುರಕ್ಕೆ ಹೋದೆ. ಚೀಲದಲ್ಲಿ ಲೋಟ ಇಟ್ಟುಕೊಳ್ಳಲಿಲ್ಲ. ನಾನು ಅರ್ಧ ಕುಡಿದು ಕೆಳಗಿಟ್ಟ ಚಾವನ್ನು ಮಗಳು ಎತ್ತಿಕೊಂಡಳು. ತಕ್ಷಣ ನೆನಪಾಯಿತೇನೋ, ಏಟು ಬೀಳುತ್ತದೆಂದು ಕಣ್ಣು ಮುಚ್ಚಿ, ಹೆಗಲು ಕುಗ್ಗಿಸಿ ಹಾಗೇ ನಿಂತಳು. ಯಾರೂ ತಿರುಗಿ ನೋಡಲಿಲ್ಲ. ಅಕ್ಕ ಪಿಂಚಣಿಯ ಮಾತು ಮುಂದುವರಿಸಿದ್ದರು.

"ಕುಡಿ" ಅಂದೆ. ಎಚ್‌ಐವಿ ಇದೆ ಅಂದಾಗ ಬಾರದ ಅಳು ಆಗ ಬಂತು.