ಮಾರಬಾರದ ಎಮ್ಮೆ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಪುಕ್ಕಟೆ ಬಂದದ್ದನ್ನು ಅಳೆದು ನೋಡುವವರನ್ನು ಕಂಡರೆ ನನ್ನಜ್ಜಿ ಈ ಗಾದೆ ಎತ್ತದೆ ಬಿಡುತ್ತಿರಲಿಲ್ಲ. ನನಗೆ ಬರುವ ಮಾತೆಲ್ಲ ಅವಳ ಮಗ್ಗುಲಲ್ಲಿ ಮಲಗಿ ಕಲಿತದ್ದೇ. ಹೀಗಾಗಿ ಹೋದ ವರ್ಷ ಪಂಚಮಿಯ ಮುಂದೆ ಅಣ್ಣ ಟೆಂಪೊದಲ್ಲಿ ಒಂದು ಗಬ್ಬದ ಎಮ್ಮೆ ಹೇರಿಕೊಂಡು ಬಂದು ನಮ್ಮ ಮೋಟೆಬೆನ್ನೂರಿನ ಮನೆ ಮುಂದೆ ಇಳಿಸಿದಾಗ ನಾನು ಮೊಳ ಹಾಕಲಿಲ್ಲ. ಆರತಿ ಎತ್ತಿ ಒಳಗೆ ಕರೆದುಕೊಂಡೆ.

ನನ್ನ ಮಗಳು ಚೊಚ್ಚಲ ಬಸುರಿ ಎಂಬ ಸುದ್ದಿ ಆಗಷ್ಟೇ ಅವನಿಗೆ ಮುಟ್ಟಿತ್ತು.

"ಬಾಣಂತನಕ್ಕ ಮನ್ಯಾಗ ಹಾಲಿರಬೇಕಬೇ ತಂಗಿ. ತಂಬಿಗಿ ಹಿಡ್ಕೊಂಡು ಮಂದಿ ಬಾಗಲಿಗೆ ಹೋಗೂದು ಬ್ಯಾಡ" ಎಂದ.

ಒಳ್ಳೆಯ ಮೈಕಟ್ಟಿನ, ಸೌಮ್ಯವಾದ ಎಮ್ಮೆ. ಎಡಗಿವಿ ಮಾತ್ರ ಅಂಚಿನವರೆಗೆ ಸೀಳಿತ್ತು. ಕೇಳಿದ್ದಕ್ಕೆ ಬೇಲಿಯ ಮುಳ್ಳಿಗೆ ಸಿಕ್ಕಿತ್ತು ಎಂದ. ಮುಳ್ಳಿಗೆ ಸಿಕ್ಕ ಕಿವಿ ಅಷ್ಟು ನೆಟ್ಟಗೆ ಹರಿಯುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ತವರಿನ ಎಮ್ಮೆ ಬಂದಿದೆ ಎಂದು ಓಣಿಗೆಲ್ಲ ಸಾರಿ ಬಂದವಳು ನಾನು.

ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ಎಮ್ಮೆ ಕಂದ ಹಾಕಿತು. ದಿನ ತುಂಬದೆ ಸತ್ತ ಕರು ಬಿದ್ದರೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೊತ್ತು ಮೂಡಿದ್ದಷ್ಟೇ. ಹಡೆಯಲು ಬಂದಿದ್ದ ಏಳು ತಿಂಗಳ ಬಸುರಿ ಮಗಳು ಬಿಸಿನೀರಿನ ಬಕೀಟು ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದಳು. ಬಸುರಿ ಹೆಂಗಸು ಕಂದ ಹಾಕಿದ್ದನ್ನು ಕಣ್ಣಿಂದ ನೋಡಬಾರದು, ಆ ಗಾಳಿಗೂ ಬರಬಾರದು ಎಂದು ಅಜ್ಜಿ ಹೇಳಿದ್ದು ನೆನಪಾಗಿ ಗದರಿಸಿ ಒಳಗೆ ಕಳಿಸಿದೆ. ಅವಳು ಕಾಲೇಜು ಕಲಿತವಳು. "ನಿಮ್ಮಜ್ಜಿ ಸತ್ರೂ ಅಕಿ ಕಾಯ್ದೆ ಸಾಯಲಿಲ್ಲ ನೋಡು" ಎಂದು ನಗುತ್ತಾ ಹೋದಳು.

ಕರುವಿನ ಹಿಂದೆ ಬೀಳಬೇಕಾದ ಕಸ, ಅಂದರೆ ಮಾಸು, ಬೀಳಲಿಲ್ಲ. ಮಧ್ಯಾಹ್ನದವರೆಗೆ ಕಾದು, ಕೊನೆಗೆ ಕೈಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡು ನಾನೇ ಎಳೆದು ತೆಗೆದೆ. ವರ್ಷವೆಲ್ಲ ಬ್ಯಾಡಗಿಯ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈ ಇದು, ಬೆರಳ ಸಂದಿಯೆಲ್ಲ ಬಿರುಕು. ಆ ಬಿರುಕಿನ ಕೈಯನ್ನೇ ಮೊಣಕೈವರೆಗೆ ಹಾಕಿದ್ದೆ. ಸತ್ತ ಕರುವನ್ನು ಹಿತ್ತಿಲ ತಿಪ್ಪೆಯಲ್ಲಿ ಮುಚ್ಚಿದೆ. ಪಾಪ, ಯಾರದೋ ಕಣ್ಣು ಬಿತ್ತು ಎಂದುಕೊಂಡೆ. ತವರಿನವರಿಗೆ ಬೇಸರವಾದೀತೆಂದು ಅಣ್ಣನಿಗೆ ಎರಡು ದಿನ ಸುದ್ದಿ ಸಹ ಹೇಳಲಿಲ್ಲ. ಹೇಳಿದಾಗ ಅವನು ಗಡಿಬಿಡಿಯಲ್ಲಿ ಫೋನು ಇಡಲು ಹೋದ. ಅವನಿಗೂ ದುಃಖವಾಗಿದೆ ಎಂದು ನಾನೇ ಸಮಾಧಾನ ಮಾಡಿದೆ.

ತಿಂಗಳೊಪ್ಪತ್ತಿನಲ್ಲಿ ನನಗೆ ಜ್ವರ ಶುರುವಾಯಿತು. ಬೆಳಿಗ್ಗೆ ಏನೂ ಇಲ್ಲ. ಹೊತ್ತು ಇಳಿಯುತ್ತಲೇ ಮೈ ಸುಟ್ಟು, ಆಮೇಲೆ ಸೀರೆ ಹಿಂಡುವಷ್ಟು ಬೆವರು. ಟೊಂಕ ಮುರಿದಂತೆ ನೋವು. ಬ್ಯಾಡಗಿಯಲ್ಲಿ ಟೈಫಾಯ್ಡ್ ಎಂದರು, ರಾಣೆಬೆನ್ನೂರಿನಲ್ಲಿ ವಾತ ಎಂದರು. ಅಷ್ಟರೊಳಗೆ ಮಗಳು ಹಡೆದಳು. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕಾದ ನಾನು ಎದ್ದು ಕೂಡಲಾರದೆ, ಓಣಿಯ ಬೂಬಮ್ಮ ದಿನಾ ಬಂದು ಎರೆದು ಹೋಗುವುದನ್ನು ಗೋಡೆಗೆ ಒರಗಿ ನೋಡಿದೆ.

ಹಾವೇರಿಯ ದವಾಖಾನೆಯಲ್ಲಿ ಒಬ್ಬಳು ಸಣ್ಣ ವಯಸ್ಸಿನ ಡಾಕ್ಟರು ಉಳಿದವರು ಕೇಳದ್ದನ್ನು ಕೇಳಿದಳು.

"ಮನ್ಯಾಗ ದನ ಅದಾವೇನ್ರಿ? ಈಗೀಗ ಯಾವುದಾದ್ರೂ ಕಂದ ಹಾಕೈತೇನು?"

ರಕ್ತ ತೆಗೆದು ನೋಡಿದರು. ಎಮ್ಮೆಯ ರೋಗವೇ ನನಗೆ ಬಂದಿತ್ತು. ಆ ಕಸದಿಂದ, ಅದರ ಜೊತೆ ಬೀಳುವ ನೀರಿನಿಂದ, ಕಾಸದ ಹಾಲಿನಿಂದ ಮನುಷ್ಯರಿಗೂ ಹತ್ತುತ್ತದಂತೆ. ಬಸುರಿಗೆ ಹತ್ತಿದರೆ ಅವಳ ಬಸುರೂ ನಿಲ್ಲದೆ ಹೋಗಬಹುದಂತೆ. ಆರು ವಾರ ಒಂದು ಹೊತ್ತೂ ತಪ್ಪದೆ ಗುಳಿಗೆ ನುಂಗಬೇಕೆಂದಳು. ನನಗೆ ನನ್ನ ಟೊಂಕ ಮರೆತುಹೋಯಿತು. ಮಗಳ ರಕ್ತ ಕೊಟ್ಟು ಬಂದು, ಕಾಗದ ಬರುವವರೆಗೆ ದೇವರಗುಡ್ಡದ ದಿಕ್ಕಿಗೆ ಕೈಮುಗಿದು ಕೂತೆ. ಅವಳಿಗೆ ಏನೂ ಇರಲಿಲ್ಲ. ನಕ್ಕಿದ್ದಳಲ್ಲ, ಅದೇ ಅಜ್ಜಿಯ ಕಾಯ್ದೆ ಅವಳನ್ನು ಬಾಗಿಲಾಚೆ ಉಳಿಸಿತ್ತು.

ಆಮೇಲೆ ದನದ ಡಾಕ್ಟರು ಮನೆಗೆ ಬಂದರು. ತಿಪ್ಪೆಗೆ ಹಾಕಿದ್ದಕ್ಕೆ ಬೈದರು. ಆಳವಾಗಿ ತಗ್ಗು ತೋಡಿ ಸುಣ್ಣ ಸುರಿದು ಹೂಳಬೇಕಿತ್ತು, ಕೈಗವಸು ಇಲ್ಲದೆ ಮುಟ್ಟಲೇಬಾರದಿತ್ತು ಎಂದರು. ಎಮ್ಮೆಯ ರಕ್ತ ತೆಗೆಯುತ್ತಾ ಕಿವಿಯ ಬಿಲ್ಲೆ ಎಲ್ಲಿ ಎಂದು ಕೇಳಿದರು. ಸರಕಾರದವರು ನಂಬರು ಬರೆದು ಚುಚ್ಚುವ ಹಳದಿ ಬಿಲ್ಲೆ. ನಾನು ಬೇಲಿಯ ಕಥೆ ಹೇಳಿದೆ. ಅವರು ಆ ಸೀಳಿನ ಮೇಲೆ ಬೆರಳಾಡಿಸಿ, ನನ್ನ ತವರೂರು ಯಾವುದೆಂದು ಕೇಳಿ, ಅಲ್ಲಿಯ ಡಾಕ್ಟರಿಗೆ ನನ್ನೆದುರೇ ಫೋನು ಹಚ್ಚಿದರು. ಆ ಡಾಕ್ಟರಿಗೆ ನೆನಪಿತ್ತು. ಆ ಎಮ್ಮೆ ಹಿಂದೊಮ್ಮೆ ಕಂದ ಹಾಕಿತ್ತು, ರೋಗ ಇದೆಯೆಂದು ತಿಳಿದ ಮೇಲೆ ಬೇರೆ ಕಟ್ಟಿರಿ, ಮಾರಬೇಡಿರಿ ಎಂದು ಯಜಮಾನನಿಗೆ ಹೇಳಿದ್ದರು.

ಎರಡು ಬಸ್ಸು ಬದಲಿಸಿ ತವರಿಗೆ ಹೋದೆ. ಅಣ್ಣ ಪಡಸಾಲೆಯಲ್ಲಿ ಕೂತಿದ್ದ. ಕೇಳಿದ್ದಕ್ಕೆ ಇಲ್ಲವೆನ್ನಲಿಲ್ಲ.

"ಮಾರಬ್ಯಾಡ ಅಂದ್ರು. ನಾ ಮಾರಿಲ್ಲ."

"ಮತ್ತೇನ ಮಾಡಿದಿ?"

"ತಂಗಿಗೆ ಕೊಟ್ಟೇನಿ."

ಅಷ್ಟು ಸರಳವಾಗಿ ಅಂದ. ಡಾಕ್ಟರ ಮಾತು ಮುರಿಯಲಿಲ್ಲ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಕಟುಕರಿಗೆ ಕೊಡಲು ಮನಸ್ಸಾಗಲಿಲ್ಲ, ಈ ಸಲ ಗಬ್ಬ ನಿಂತಿತ್ತು, ಚಲೋ ಆಗಿರಬೇಕು ಎಂದುಕೊಂಡೆ ಎಂದು ಒಂದೊಂದೇ ಹೇಳಿದ. ಹಾಗಿದ್ದರೆ ಬಿಲ್ಲೆ ಯಾಕೆ ಕಿತ್ತೆ ಎಂದೆ. ಅವನು ಒಳಗೆ ತಿರುಗಿ, ಚಹಾ ತಾ ಎಂದು ಕೂಗಿದ.

ವೈನಿ ಚಹಾ ತಂದಿಟ್ಟಳು. ಅದೇ ಹಿತ್ತಾಳೆಯ ಲೋಟ. ನಾನು ಹುಟ್ಟಿದ ಮನೆ, ನನ್ನಣ್ಣನ ಹೆಂಡತಿ. ನನ್ನ ಬಾಯಿಂದ ಹೊರಟದ್ದು ನನಗೇ ಕೇಳಿಸಿತು:

"ವೈನಿ, ಹಾಲು ಕುದಿಸೀರೇನು?"

ಅವಳ ಕಣ್ಣು ತುಂಬಿದವು. ಕುದಿಸಿದ್ದೇ ಇರಬೇಕು. ನಾನು ಕುಡಿಯಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಎರಡು ಆಕಳು, ಮೂರು ಹೆಣ್ಣುಗರು, ಕರುಗಳ ನಡುವೆ ಆಡುವ ಅಣ್ಣನ ಮೊಮ್ಮಗು. ಅಲ್ಲಿಂದ ನೆಟ್ಟಗೆ ಆ ಊರಿನ ದನದ ದವಾಖಾನೆಗೆ ನಡೆದು, ಈ ಮನೆಯ ದನಗಳನ್ನೂ ನೋಡಿರಿ, ಕರುಗಳಿಗೆ ಸೂಜಿ ಹಾಕಿರಿ ಎಂದು ಹೇಳಿ ಬಂದೆ. ಡಾಕ್ಟರು ಹೋಗಿ ಬಂದರಂತೆ. ತಂಗಿ ಮನೆತನದ ಮರ್ಯಾದೆ ತೆಗೆದಳು ಎಂದು ಅಣ್ಣ ನೆಂಟರಿಗೆಲ್ಲ ಹೇಳಿದನಂತೆ.

ಎಮ್ಮೆಯನ್ನು ನಮ್ಮ ಹಿತ್ತಿಲ ಮೂಲೆಯಲ್ಲಿ ಬೇರೆಯೇ ಕಟ್ಟಿದ್ದೇವೆ. ಹೊಸ ಬಿಲ್ಲೆ ಬಲಗಿವಿಗೆ ಚುಚ್ಚಿದ್ದಾರೆ. ಮೊನ್ನೆ ನಮ್ಮ ಯಜಮಾನರ ಸೋದರಮಾವ ಬಂದು, ಸುಮ್ಮನೆ ಯಾಕೆ ಮೇವು ಹಾಕುತ್ತೀರಿ, ನನಗಾದರೂ ಕೊಡಿರಿ ಎಂದರು. ನಾನು ಮೊದಲು ರೋಗದ ಹೆಸರು ಹೇಳಿದೆ.

ಈ ಪಂಚಮಿಗೆ ನನ್ನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಆದರೂ ಉಂಡಿ ಕಟ್ಟಿದೆ, ಮೊಮ್ಮಗಳಿಗೆ ಜೋಕಾಲಿ ಹಾಕಿಸಿದೆ. ಸಂಜೆ ಎಮ್ಮೆಗೆ ನೀರಿಡಲು ಹೋದಾಗ, ಅದು ಎಂದಿನಂತೆ ಆ ಹರಿದ ಕಿವಿಯನ್ನೇ ನನ್ನ ಕಡೆ ತಿರುಗಿಸಿತು. ನಾನು ಕೈಗವಸು ಹಾಕಿಕೊಂಡೇ ಅದರ ಬೆನ್ನು ಸವರಿದೆ.