ಅಕ್ಕಿ ತೊಳೆದ ನೀರು ಕುಡಿದ ಕೊಳ

ಕೋಡಂಬಾಕ್ಕಂನ ನಮ್ಮ ಬಾಡಿಗೆಮನೆಯ ಹಿತ್ತಲಲ್ಲಿ ಸೊಂಟದೆತ್ತರದ ಒಂದು ಹಳೇ ಸಿಮೆಂಟು ತೊಟ್ಟಿಯಿತ್ತು. ನನ್ನ ಹೆಂಡತಿ ಅದನ್ನು ಕೊಳ ಎನ್ನುತ್ತಿದ್ದಳು. ಎಮ್ಮೆಯೂ ಮುಳುಗದ ಕೊಳ ಎಂದು ನಾನು ಛೇಡಿಸಿದರೆ ಅವಳು ನಗುತ್ತಿದ್ದಳು. ಆ ನಗುವಿಗಾಗಿ ನಾನು ಏನು ಬೇಕಾದರೂ ಮಾಡಲು ಸಿದ್ಧನಿದ್ದೆ. ಏಕೆಂದರೆ ಅದಕ್ಕೆ ಮೊದಲು ಒಂದು ವರ್ಷ ಅವಳು ನಕ್ಕಿರಲಿಲ್ಲ. ನಮ್ಮ ಮಗು ಹುಟ್ಟಿದ ಒಂಬತ್ತನೇ ದಿನ ತೀರಿಕೊಂಡಿತ್ತು. ಅಂದಿನಿಂದ ಅವಳು ಊಟ ಬಡಿಸುವುದಕ್ಕಷ್ಟೇ ಬಾಯಿ ತೆರೆಯುತ್ತಿದ್ದಳು.

ಪಕ್ಕದ ಮನೆಯ ತಮಿಳು ಅಜ್ಜಿ ಒಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಅಂತರಗಂಗೆ ಗಿಡ ತಂದುಕೊಟ್ಟರು. ಅಂಗೈಯಗಲದ ಹಸಿರು ಹೂವಿನಂಥ ಗಿಡ, ಮಣ್ಣು ಬೇಡ, ನೀರ ಮೇಲೆ ತೇಲಿಕೊಂಡಿರುತ್ತದೆ. ತಾಯಿಗಿಡದ ಬುಡದಿಂದ ಒಂದು ಎಳೆ ಹೊರಟು ಅದರ ತುದಿಯಲ್ಲಿ ಮರಿ ಮೂಡುತ್ತದೆ. ಹೆಂಡತಿ ಅವನ್ನು ತನ್ನ ಕೈಯಾರೆ ಕೊಳಕ್ಕೆ ಬಿಟ್ಟಳು. ಬೆಳಿಗ್ಗೆ ಎದ್ದವಳೇ ಅಲ್ಲಿಗೆ ಹೋಗಿ ಬಗ್ಗಿ ನೋಡಿ ಬಂದು, "ಇವತ್ತು ಮತ್ತೆ ಎರಡು ಮರಿ ಹಾಕಿದೆ, ಗೊತ್ತುಂಟಾ?" ಎನ್ನುತ್ತಿದ್ದಳು. ಮನೆಗೆ ಮಾತು ಮರಳಿದ್ದು ಹೀಗೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ನಲ್ಲಿಗಳು ಒಣಗಿದವು. ಬೀದಿಗೆ ನೀರಿನ ಲಾರಿ ಬಂದರೆ ಕೊಡ ಹಿಡಿದು ಜಗಳಕ್ಕೆ ನಿಲ್ಲಬೇಕು. ಅದೇ ಹೊತ್ತಿಗೆ ಅವಳ ತಂಗಿಯ ಮದುವೆ ಬಂತು. ಕುಂದಾಪುರಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಕೊಳ ಒಣಗ್ಲಿಕ್ಕೆ ಬಿಡ್ಬೇಡಿ, ಆಯ್ತಾ?"

ಪ್ಯಾರೀಸ್ ಕಾರ್ನರ್‌ನ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆ ಆಗ ನನ್ನ ಉಸ್ತುವಾರಿಯಲ್ಲಿತ್ತು. ಊರಿನಲ್ಲಿ ಅಕ್ಕಿ ತೊಳೆದ ನೀರನ್ನು ನಾವು ಯಾರೂ ಚೆಲ್ಲಿದವರಲ್ಲ. ಅದು ದನಕ್ಕೆ, ಇಲ್ಲವೇ ಮಲ್ಲಿಗೆ ಬುಡಕ್ಕೆ. ಹೋಟೆಲಿನಲ್ಲಿ ಹಂಡೆಗಟ್ಟಲೆ ಚರಂಡಿಗೆ ಹೋಗುವುದನ್ನು ಕಂಡು ನನ್ನ ಬುದ್ಧಿ ಓಡಿತು. ಎರಡು ಕ್ಯಾನು ತುಂಬಿಸಿಕೊಂಡು ದಿನವೂ ಲೋಕಲ್ ರೈಲಿನಲ್ಲಿ ತಂದೆ. "ಎನ್ನ ಸಾರ್, ಮೋರಾ?" ಎಂದು ಯಾರೋ ಕೇಳಿದರು. ಮಜ್ಜಿಗೆಯಲ್ಲ, ನನ್ನ ಗಿಡಗಳಿಗೆ ಗಂಜಿ ಎಂದೆ, ಬಹಳ ಹೆಮ್ಮೆಯಿಂದ.

ನಾಲ್ಕು ದಿನ ಏನೂ ಆಗಲಿಲ್ಲ. ಆಮೇಲೆ ಎಲೆಯಂಚು ಹಳದಿಯಾಯಿತು. ಸತ್ವ ಸಾಲದು ಎಂದುಕೊಂಡು ಇನ್ನೊಂದು ಕ್ಯಾನು ಹೆಚ್ಚು ತಂದು ಸುರಿದೆ. ಮಣ್ಣಾದರೆ ಹೀರಿಕೊಳ್ಳುತ್ತದೆ, ನಿಂತ ನೀರು ಹುಳಿಯುತ್ತದೆ; ಜೀವಮಾನವಿಡೀ ಇಡ್ಲಿ ಹಿಟ್ಟು ಹುಳಿ ಬರಿಸಿದವನಿಗೆ ಇಷ್ಟು ಹೊಳೆಯಲಿಲ್ಲ. ಹತ್ತನೇ ದಿನ ನೀರ ಮೇಲೆ ಬಿಳಿ ಪೊರೆ ಕಟ್ಟಿತು. ಒಂದು ಗಿಡ ಎತ್ತಿದರೆ ಬೇರು ಲೋಳೆಯಾಗಿ ಕೈಯಲ್ಲೇ ಕಳಚಿಬಂತು. ಅಷ್ಟರಲ್ಲಿ ಕುಂದಾಪುರದಿಂದ ಫೋನು. "ಮರಿ ಎಷ್ಟಾಯ್ತು?" ಎಂದಳು. ತುಂಬಾ ಆಗಿದೆ ಎಂದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಮೇಲೆ ಸುಳ್ಳು ಬೇರೆ.

ಅವಳು ಬಂದ ದಿನ ಚೀಲವನ್ನೂ ಇಳಿಸದೆ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ, ಬಯ್ಯಿ ಎಂದು ಬೇಡಿಕೊಂಡೆ. ಅವಳು ಬಯ್ಯಲಿಲ್ಲ.

"ನೀವೆಂತ ಮಾಡ್ತೀರಿ ಪಾಪ," ಎಂದಳು. "ನನ್ನ ಕೈಗುಣವೇ ಹಾಗೆ. ನಾನು ಮುಟ್ಟಿದ್ದು ಉಳಿಯುದಿಲ್ಲ."

ನೀರು ಸುರಿದದ್ದು ನಾನು, ನೀನು ಊರಲ್ಲೇ ಇರಲಿಲ್ಲ ಎಂದು ಕೂಗಿ ಹೇಳಿದೆ. ಆ ವಾರ ನೂರು ಸಲ ಹೇಳಿದ್ದೇನೆ. ತೊಟ್ಟಿ ತೊಳೆದು, ಲಾರಿಯ ಮುಂದೆ ಜಗಳಾಡಿ ತಂದ ಹೊಸ ನೀರು ತುಂಬಿಸಿ, ಗಿಂಡಿ ಸ್ಟೇಷನ್ನಿನಾಚೆ ಬತ್ತದೆ ಉಳಿದಿದ್ದ ಕೆರೆಯಿಂದ ಹೊಸ ಗಿಡ ತಂದು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೀವೇ ನೀರಿಗೆ ಬಿಡಿ," ಎಂದಳು. "ಅದಾದ್ರೂ ಬದುಕ್ಲಿ."