ವರ್ಲಿನ್ ಹಾಸ್ಕಾಂಪ್ ಅವರು ಬೀಸಿದ ಕೈ

ನೆಬ್ರಾಸ್ಕದ ನಮ್ಮ ಭಾಗದಲ್ಲಿ ಈಗ ಮೆಕ್ಕೆಜೋಳದ ಕಟಾವು. ಇಬ್ಬನಿ ಆರುತ್ತಲೇ ಯಂತ್ರಗಳು ಹೊಲಕ್ಕಿಳಿದಿವೆ. ಅವುಗಳಲ್ಲೊಂದನ್ನು ನಡೆಸುತ್ತಿರುವವರು, ಈ ಬೇಸಿಗೆಯಲ್ಲಿ ವಿಲೋಬಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತರಬೇತುದಾರರ ಹುದ್ದೆಯಿಂದ ನಿವೃತ್ತರಾದ ಶ್ರೀ ವರ್ಲಿನ್ ಹಾಸ್ಕಾಂಪ್ ಅವರು.

ವಿದ್ಯಾರ್ಥಿಯಾಗಿದ್ದಾಗ ಅದೇ ಕಾಲೇಜಿನ ತಂಡದಲ್ಲಿ, ತಮ್ಮನ್ನು ದಾಟಿದರೆ ತಡೆಯಲು ಇನ್ನಾರೂ ಇಲ್ಲವೆಂಬ ಎಚ್ಚರದಲ್ಲಿ ರಕ್ಷಣೆಯ ಕೊನೆಯ ಸಾಲು ಕಾಯುತ್ತಿದ್ದ ಅವರಿಗೆ, ಎದುರಾಳಿ ಆಕಾಶಕ್ಕೆ ಒದ್ದ ಚೆಂಡನ್ನು, ಅಂದರೆ ಪಂಟನ್ನು, ಹಿಡಿದು ಓಡುವುದರಲ್ಲೂ ನಮ್ಮ ಸಣ್ಣ ಕಾಲೇಜುಗಳಲ್ಲಿ ಸಾಟಿಯಿರಲಿಲ್ಲ. ನಾನು ಇದನ್ನು ಎದುರು ನಿಂತು ಬಲ್ಲವನು. ಹಾರ್ಲೆಕ್ ಕಾಲೇಜಿನ ಪರವಾಗಿ ಅವರನ್ನು ಕೆಡವುವುದೇ ನನ್ನ ಕೆಲಸವಾಗಿತ್ತು.

ಪಂಟ್ ಹಿಡಿಯಲು ನಿಂತವನು ಕೈಯೆತ್ತಿ ಬೀಸಿದರೆ, ನಿಯಮದಂತೆ, ಅವನನ್ನು ಮುಟ್ಟುವಂತಿಲ್ಲ, ಅವನೂ ಓಡುವಂತಿಲ್ಲ. ಕಾಲೇಜಿನಲ್ಲಿ ಅವರ ಕೊನೆಯ ವರ್ಷ, ನಮ್ಮೆರಡು ತಂಡಗಳ ಪಂದ್ಯದಲ್ಲಿ, ಮೈದಾನದ ಪಕ್ಕದ ಹೊಲದಿಂದ ಹೊಟ್ಟು ಹಾರಿಬರುತ್ತಿತ್ತು. ಪಂಟ್ ಇಳಿಯುವಾಗ ಅವರ ಕೈ ಮೇಲೆದ್ದು ಬೀಸಿತು. ನಾನು ನಿಂತೆ. ಅವರು ಚೆಂಡು ಹಿಡಿದು, ಓಡಿ, ಅಂಕದ ಗೆರೆ ದಾಟಿಯೇಬಿಟ್ಟರು.

"ನಿಂತ್ಯಲ್ಲೋ, ಕಂಬದ ಹಾಗೆ!" ನಮ್ಮ ತರಬೇತುದಾರರು ಗದರಿದರು. "ಇವತ್ತಿಗೆ ಮುಗೀತು ನಿಂದು. ಊರಿಗೆ ಹೋಗಿ ಹಂದಿ ಮೇಯಿಸು!" ತಂಡದಲ್ಲಿ ಜಾಗ ಹೋದರೆ ಶುಲ್ಕದ ರಿಯಾಯಿತಿ ಹೋಗುತ್ತಿತ್ತು, ಅದರೊಡನೆ ನನ್ನ ಓದೂ.

ತೀರ್ಪುಗಾರರಿಗೂ ಅನುಮಾನ. ವರ್ಲಿನ್ ಅವರತ್ತ ತಿರುಗಿದರು. "ಏನಪ್ಪಾ, ಕೈ ಬೀಸಿದ್ಯಾ?"

"ಕಣ್ಣಿಗೆ ಹೊಟ್ಟು ಬಂತು ಸಾರ್, ಬೀಸಿಬಿಟ್ಟೆ. ಅದನ್ನ ನೋಡೇ ಈ ಹುಡುಗ ನಿಂತಿದ್ದು. ಅವನ ತಪ್ಪೇನಿಲ್ಲ."

ಅಂಕ ಹೋಯಿತು, ವಿಲೋಬಿ ಸೋತಿತು. "ನಿನ್ನ ಬಾಯಿಗೆ ಹೊಲಿಗೆ ಹಾಕ್ಬೇಕಿತ್ತು ಕಣೋ, ವರ್ಲಿನ್!" ಎಂದು ಅವರ ತಂಡದವರೇ ಹೆಲ್ಮೆಟ್ಟು ಎಸೆದರು. ಕಟಾವು ಬಿಟ್ಟು ಬಂದಿದ್ದ ಅವರ ತಂದೆ ಮಾತ್ರ, "ಬಾರೋ, ಇನ್ನೂ ಬೆಳಕಿದೆ. ನಾಲ್ಕು ಸಾಲು ಕೊಯ್ಯೋಣ," ಎಂದು ಕರೆದೊಯ್ದರು. ನನ್ನ ಜಾಗ ಉಳಿಯಿತು.

ಪದವಿ ಪಡೆದು, ಅಷ್ಟರಲ್ಲಿ ವಿಲೋಬಿಯ ತರಬೇತುದಾರರಾಗಿದ್ದ ವರ್ಲಿನ್ ಅವರ ಬಳಿಗೇ ಕೆಲಸ ಕೇಳಿ ಹೋದೆ. "ನೀನು ಅವತ್ತು ನಿಂತವನಲ್ವೇನಯ್ಯಾ? ಬಾ, ಬಾ. ನಮ್ಮ ಹುಡುಗ್ರಿಗೆ ನಿಲ್ಲೋದು ಕಲಿಸೋರು ಬೇಕು," ಎಂದರು. ಅಂದಿನಿಂದ ಅವರ ಸಹಾಯಕನಾಗಿ ದುಡಿದೆ. ಹೊಸ ಆಟಗಾರರಿಗೆ ಅವರ ಮೊದಲ ಪಾಠ ಓಟವಲ್ಲ, ಕೈ. "ಎತ್ತಿದ್ರೆ ಪೂರ್ತಿ ಎತ್ತು, ಮರಿ. ಓಡಿಬರೋನು ಅದನ್ನ ನಂಬಿರ್ತಾನೆ." ನಾನು ಕಾಲು ಮುರಿದುಕೊಂಡ ವರ್ಷ, ತಮ್ಮ ಜೋಳ ಹೊಲದಲ್ಲಿ ನಿಂತಿರುವಾಗಲೇ ನನ್ನ ಹೊಲದ್ದನ್ನು ಕೊಯ್ದುಕೊಟ್ಟವರೂ ಅವರೇ.

ಅವರು ಆಯುರಾರೋಗ್ಯದಿಂದ ಬಾಳಲಿ. ಇನ್ನೂ ಅನೇಕ ಸುಗ್ಗಿಗಳಲ್ಲಿ ಆ ಯಂತ್ರ ಅವರ ಮಾತು ಕೇಳಲಿ. ಶನಿವಾರದ ಪಂದ್ಯಗಳಲ್ಲಿ ಮೈದಾನದ ಅಂಚಿನಿಂದ ನಮ್ಮನ್ನು ಗದರುವುದು ನಿಲ್ಲದಿರಲಿ. ಅಂದಿನ ಉಪಕಾರಕ್ಕೆ ನಾನು ಎಂದೂ ಬಾಯಿಬಿಟ್ಟು ಕೃತಜ್ಞತೆ ಹೇಳಿರಲಿಲ್ಲ. ಬೀಳ್ಕೊಡುಗೆಯ ಊಟದಲ್ಲಿ ಎದ್ದು, "ಅವತ್ತು ನೀವು..." ಎಂದು ಶುರುಮಾಡಿದೆ. ಅವರು ತಟ್ಟೆಯಿಂದ ತಲೆಯೆತ್ತದೆ ಕೈ ಮೇಲೆತ್ತಿ, ಪೂರ್ತಿ ಮೇಲೆತ್ತಿ, ಬೀಸಿದರು.

ನಾನು ನಿಂತೆ.